ಜ್ವರ ನೆತ್ತಿಗೇರಿದಾಗ: ಕೊರೋನಾ ಸೋಂಕು ಮತ್ತು ಮಿದುಳಿನ ಉರಿಯೂತ

ಜ್ವರದ ತಾಪದಲ್ಲಿ ಮಲಗಿದ ರೋಗಿಯು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಹೆತ್ತ ಮಕ್ಕಳನ್ನೇ ಗುರುತಿಸದಾದರೆ ‘ಜ್ವರ ನೆತ್ತಿಗೇರಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ‘ಸನ್ನಿ ಹಿಡಿಯಿತು’ ಎಂಬುದು ಇನ್ನೊಂದು ಮಾತು. ಜ್ವರವು ಮೈಯನ್ನು ಸುಡುವುದು ಒಂದು ಸ್ಥಿತಿ. ಅದು ಬುದ್ಧಿಯನ್ನು ಮುಟ್ಟುವುದು ಬೇರೊಂದು ಸ್ಥಿತಿ. ಎರಡನೆಯದು ಕಂಡಾಗ ಮನೆಮಂದಿ ಹೆದರುತ್ತಿದ್ದರು. ಆ ಹೆದರಿಕೆಗೆ ತಕ್ಕ ಕಾರಣವಿತ್ತು.

ಕೊರೋನಾ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಶ್ವಾಸಕೋಶ, ಆಮ್ಲಜನಕದ ಸಿಲಿಂಡರು, ಕೆಮ್ಮು, ದಮ್ಮು. 2020ರ ಮಾರ್ಚ್ ತಿಂಗಳಿನಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯಲ್ಲಿಯೇ ವರದಿಯಾದ ದಿನದಿಂದ, 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ ದಿನದವರೆಗೆ, ಜನರ ಗಮನವೆಲ್ಲ ಉಸಿರಾಟದ ಕಡೆಗೇ ಇದ್ದಿತು. ಆದರೆ ಈ ಸೋಂಕು ಕೆಲವರಲ್ಲಿ ಮಿದುಳಿಗೂ ಹಾನಿ ಮಾಡುತ್ತದೆ. ತುರ್ತುಸ್ಥಿತಿ ಮುಗಿದರೂ ವೈರಾಣು ಮುಗಿದಿಲ್ಲ. ಆಗಾಗ ತಲೆಯೆತ್ತುತ್ತಲೇ ಇದೆ. ಆದುದರಿಂದ ಮಿದುಳಿನ ಉರಿಯೂತವೆಂಬ ಈ ವಿರಳವೂ ಗಂಭೀರವೂ ಆದ ತೊಂದರೆಯನ್ನು ಭಕ್ತಬಾಂಧವರು ತಿಳಿದಿರುವುದು ಅವಶ್ಯ. ಇಲ್ಲಿ ಕಳೆದುಹೋಗುವ ಒಂದೊಂದು ಗಂಟೆಯೂ ರೋಗಿಯ ಮುಂದಿನ ಬದುಕನ್ನು ನಿರ್ಧರಿಸಬಲ್ಲದು.

ಆಯುರ್ವೇದದ ದೃಷ್ಟಿ

ಚರಕ ಮಹರ್ಷಿಗಳು ಶಿರಸ್ಸನ್ನು ‘ಉತ್ತಮಾಂಗ’ವೆಂದು ಕರೆದಿದ್ದಾರೆ. ಪ್ರಾಣವೂ ಸಕಲ ಇಂದ್ರಿಯಗಳೂ ಅದನ್ನು ಆಶ್ರಯಿಸಿಕೊಂಡಿವೆ ಎಂಬುದು ಅವರ ಅಭಿಪ್ರಾಯ. ಹೃದಯ, ಬಸ್ತಿ, ಶಿರಸ್ಸು ಎಂಬ ಮೂರನ್ನು ತ್ರಿಮರ್ಮಗಳೆಂದು ಹೇಳಿ, ಉಳಿದೆಲ್ಲ ಮರ್ಮಗಳಿಗಿಂತ ಇವುಗಳ ರಕ್ಷಣೆಗೆ ಹೆಚ್ಚಿನ ಮಹತ್ವವನ್ನು ಕೊಟ್ಟಿದ್ದಾರೆ.

ವಾತ, ಪಿತ್ತ, ಕಫಗಳು ಮೂರೂ ಏಕಕಾಲದಲ್ಲಿ ಕೆರಳಿ ಉಂಟುಮಾಡುವ ಜ್ವರಕ್ಕೆ ಸನ್ನಿಪಾತ ಜ್ವರವೆಂದು ಹೆಸರು. ನಮ್ಮ ಆಡುಮಾತಿನ ‘ಸನ್ನಿ’ ಹುಟ್ಟಿದ್ದು ಈ ಶಬ್ದದಿಂದಲೇ. ಪ್ರಲಾಪ, ಮೋಹ, ತಂದ್ರೆ, ಅಂದರೆ ಬಡಬಡಿಕೆ, ದಿಕ್ಕುಗಾಣದ ಸ್ಥಿತಿ, ಮಂಪರು ಇದರ ಲಕ್ಷಣಗಳಲ್ಲಿ ಸೇರಿವೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಪ್ರಜ್ಞೆಯನ್ನೇ ಕಸಿಯುವ ‘ಅಭಿನ್ಯಾಸ’ವೆಂಬ ಘೋರ ಸ್ವರೂಪದ ವರ್ಣನೆಯಿದೆ. ಇಂತಹ ಜ್ವರವು ಕಷ್ಟಸಾಧ್ಯ ಅಥವಾ ಅಸಾಧ್ಯವೆಂದು ಆಚಾರ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಪ್ರಾಚೀನರಿಗೆ ಕೊರೋನಾ ತಿಳಿದಿತ್ತೆಂದು ಇದರಿಂದ ವಾದಿಸಲಾಗದು. ಹಾಗೆ ವಾದಿಸುವುದು ಶಾಸ್ತ್ರಕ್ಕೆ ಗೌರವ ತರುವುದೂ ಇಲ್ಲ. ಜ್ವರದಲ್ಲಿ ಬುದ್ಧಿ ಕದಡಿದರೆ ಅದು ಸಾಮಾನ್ಯ ಜ್ವರವಲ್ಲ, ಅಪಾಯದ ಕುರುಹು ಎಂಬ ಅವರ ಸೂಕ್ಷ್ಮ ಅವಲೋಕನವನ್ನು ಮಾತ್ರ ನಾವು ಇಂದಿಗೂ ಕಲಿಯಬೇಕಾಗಿದೆ.

ಉರಿಯೂತ ಎಂದರೇನು?

ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗವು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ದೇಹದ ರಕ್ಷಣಾಪಡೆಯು ಶತ್ರುವಿನೊಡನೆ ಹೋರಾಡುತ್ತಿರುವುದರ ಚಿಹ್ನೆ ಅದು. ಕಾಲಿನಲ್ಲಿ ಬಾವು ಬಂದರೆ ಚರ್ಮ ಹಿಗ್ಗಿ ಅದಕ್ಕೆ ಸ್ಥಳ ಕೊಡುತ್ತದೆ. ಮಿದುಳಿಗೆ ಆ ಅವಕಾಶವಿಲ್ಲ. ಸುಮಾರು 1.3ರಿಂದ 1.4 ಕಿಲೋ ತೂಕದ ಈ ಮೃದುವಾದ ಅಂಗವು ಗಟ್ಟಿಯಾದ ತಲೆಬುರುಡೆಯೊಳಗೆ ಬಂಧಿಯಾಗಿದೆ. ಅದು ಊದಿಕೊಂಡರೆ ಹೋಗಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ, ರಕ್ತಸಂಚಾರ ಕುಂದುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳು ನಾವು ಸೇವಿಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುತ್ತದೆ. ರಕ್ತಪೂರೈಕೆ ಕೆಲವೇ ನಿಮಿಷ ತಪ್ಪಿದರೂ ಅದು ತಾಳಲಾರದು.

ಇಲ್ಲಿ ಮೂರು ಶಬ್ದಗಳ ವ್ಯತ್ಯಾಸವನ್ನು ಅರಿಯಬೇಕು. ಮಿದುಳಿನ ಹೊದಿಕೆಗಳಿಗೆ ಉರಿಯೂತವಾದರೆ ಮೆನಿಂಜೈಟಿಸ್. ಮಿದುಳಿನ ತಿರುಳಿಗೇ ಉರಿಯೂತವಾದರೆ ಎನ್ಸೆಫಲೈಟಿಸ್. ಜನರು ‘ಮೆದುಳು ಜ್ವರ’ ಎನ್ನುವುದು ಸಾಮಾನ್ಯವಾಗಿ ಇದನ್ನೇ. ಉರಿಯೂತವಿಲ್ಲದೆಯೇ ಆಮ್ಲಜನಕದ ಕೊರತೆ, ಸಕ್ಕರೆ ಅಥವಾ ಸೋಡಿಯಂ ಅಂಶದ ಇಳಿಕೆ, ಮೂತ್ರಪಿಂಡದ ವೈಫಲ್ಯ ಮುಂತಾದ ಕಾರಣಗಳಿಂದ ಮಿದುಳಿನ ಕಾರ್ಯ ಏರುಪೇರಾದರೆ ಎನ್ಸೆಫಲೋಪತಿ. ಹೊರನೋಟಕ್ಕೆ ಎನ್ಸೆಫಲೈಟಿಸ್ ಮತ್ತು ಎನ್ಸೆಫಲೋಪತಿ ಒಂದೇ ಬಗೆಯಾಗಿ ಕಾಣಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದಲೇ ಪರೀಕ್ಷೆಯಿಲ್ಲದೆ ಊಹೆಯ ಮೇಲೆ ಮದ್ದು ಕೊಡಲಾಗದು.

ಕನ್ನಡನಾಡಿಗೆ ಈ ಬಗೆಯ ರೋಗಗಳು ಹೊಸತಲ್ಲ. ಸೊಳ್ಳೆಯಿಂದ ಹರಡುವ ಜಪಾನೀ ಮೆದುಳು ಜ್ವರವನ್ನು ಕೋಲಾರದಂತಹ ಜಿಲ್ಲೆಗಳು ಕಂಡಿವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಭಾಗದಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿ, ಜ್ವರ ಇಳಿದು ರೋಗಿ ಚೇತರಿಸಿಕೊಂಡನೆನ್ನುವಾಗ ಕೆಲವರಿಗೆ ಮತ್ತೆ ಜ್ವರ ಮರಳಿ ಮಿದುಳಿನ ತೊಂದರೆ ತಲೆದೋರುವುದುಂಟು. ‘ಜ್ವರ ಬಿಟ್ಟಿತು, ಇನ್ನು ಚಿಂತೆಯಿಲ್ಲ’ ಎಂದು ಕೂಡಲೇ ನಿಶ್ಚಿಂತರಾಗಬಾರದೆಂಬ ಪಾಠವನ್ನು ಮಲೆನಾಡಿನ ಜನರು ಆ ರೋಗದಿಂದ ಬಹುಕಾಲದ ಹಿಂದೆಯೇ ಕಲಿತಿದ್ದಾರೆ. ಕೊರೋನಾದ ವಿಷಯದಲ್ಲಿಯೂ ಆ ಪಾಠ ಸಲ್ಲುತ್ತದೆ.

ವೈದ್ಯಲೋಕಕ್ಕೆ ತಿಳಿದುಬಂದ ಬಗೆ

ಚೀನಾದ ವೂಹಾನ್ ನಗರದ ವೈದ್ಯರು ಆಸ್ಪತ್ರೆಗೆ ದಾಖಲಾಗಿದ್ದ 214 ಕೊರೋನಾ ರೋಗಿಗಳನ್ನು ಪರಿಶೀಲಿಸಿ, ಅವರಲ್ಲಿ 78 ಮಂದಿಗೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ, ನರಮಂಡಲಕ್ಕೆ ಸಂಬಂಧಿಸಿದ ಒಂದಲ್ಲ ಒಂದು ಲಕ್ಷಣವಿತ್ತೆಂದು 2020ರಲ್ಲಿ ವರದಿ ಮಾಡಿದರು. ತಲೆಸುತ್ತು, ತಲೆನೋವು, ರುಚಿ-ವಾಸನೆಗಳ ನಷ್ಟದಂತಹ ಸೌಮ್ಯ ಲಕ್ಷಣಗಳಿಂದ ಹಿಡಿದು ಪ್ರಜ್ಞೆ ಕುಂದುವಿಕೆ, ಪಾರ್ಶ್ವವಾಯುವಿನವರೆಗೆ ಎಲ್ಲವೂ ಅದರಲ್ಲಿ ಸೇರಿದ್ದವು.

ಅದೇ ವರ್ಷ ಜಪಾನಿನ ವೈದ್ಯರು ಪ್ರಕಟಿಸಿದ ವರದಿಯೊಂದು ಗಮನಾರ್ಹವಾದುದು. ಜ್ವರ, ತಲೆನೋವುಗಳಿಂದ ನರಳುತ್ತಿದ್ದ ಯುವಕನೊಬ್ಬನು ಕೆಲವು ದಿನಗಳ ತರುವಾಯ ಮನೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದನು. ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿಯೇ ಫಿಟ್ಸ್ ಕಾಣಿಸಿಕೊಂಡಿತು. ಮೂಗು-ಗಂಟಲಿನ ದ್ರವದ ಪರೀಕ್ಷೆಯಲ್ಲಿ ವೈರಾಣು ಸಿಗಲಿಲ್ಲ. ಮಿದುಳು-ಬೆನ್ನುಹುರಿಯ ದ್ರವದಲ್ಲಿ ಅದರ ಅಂಶ ಪತ್ತೆಯಾಯಿತು. ಗಂಟಲಿನ ಪರೀಕ್ಷೆ ‘ನೆಗೆಟಿವ್’ ಬಂದ ಮಾತ್ರಕ್ಕೆ ಮಿದುಳು ಸುರಕ್ಷಿತವೆಂದು ಹೇಳಲಾಗದೆಂಬುದಕ್ಕೆ ಇದು ನಿದರ್ಶನ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಐವತ್ತು ದಾಟಿದ ಮಹಿಳೆಯೊಬ್ಬರಿಗೆ ಜ್ವರ-ಕೆಮ್ಮಿನೊಡನೆ ಮಂಕು ಕವಿದು, ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಆಳದಲ್ಲಿರುವ ‘ಥಲಾಮಸ್’ ಎಂಬ ಭಾಗದ ಎರಡೂ ಕಡೆ ರಕ್ತಸ್ರಾವ ಸಹಿತವಾದ ಹಾನಿ ಕಂಡುಬಂದಿತು. ಮಿದುಳಿನ ಜೀವಕೋಶಗಳು ಒಮ್ಮೆಲೇ ಸಾಯುವ ಈ ಸ್ಥಿತಿಯನ್ನು ಜಪಾನಿನ ವೈದ್ಯರು ಹಿಂದೆಯೇ ಮಕ್ಕಳಲ್ಲಿ, ಹೆಚ್ಚಾಗಿ ಫ್ಲೂ ಜ್ವರದ ತರುವಾಯ, ಗುರುತಿಸಿದ್ದರು. 2021ರಲ್ಲಿ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಕೊರೋನಾದ ನಂತರ ಬಾಲಕನೊಬ್ಬನಿಗೆ ಇದೇ ಬಗೆಯ ತೊಂದರೆ ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದು ಹಲವರಿಗೆ ನೆನಪಿರಬಹುದು.

ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ರಾಷ್ಟ್ರೀಯ ನರರೋಗ ಆಸ್ಪತ್ರೆಯ ತಜ್ಞರು 2020ರ ಜುಲೈನಲ್ಲಿ 43 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ 10 ಮಂದಿಗೆ ಉರಿಯೂತದ ಗುರುತಿಲ್ಲದ ಮಂಕು-ಭ್ರಮೆ, 12 ಮಂದಿಗೆ ಮಿದುಳು ಅಥವಾ ಬೆನ್ನುಹುರಿಯ ಉರಿಯೂತ, 8 ಮಂದಿಗೆ ಪಾರ್ಶ್ವವಾಯು, ಮತ್ತೆ 8 ಮಂದಿಗೆ ಕೈಕಾಲುಗಳ ನರಗಳ ತೊಂದರೆ ಇದ್ದಿತು. ಮಂಕು ಕವಿದ 10 ಮಂದಿಯಲ್ಲಿ 9 ಮಂದಿ ಪೂರ್ಣವಾಗಿ ಅಥವಾ ಭಾಗಶಃ ಚೇತರಿಸಿಕೊಂಡರು. ಉರಿಯೂತವಾದ 12 ಮಂದಿಯಲ್ಲಿ ಒಬ್ಬರು ಪೂರ್ಣ ಗುಣಮುಖರಾದರು, 10 ಮಂದಿ ಭಾಗಶಃ ಚೇತರಿಸಿಕೊಂಡರು, ಒಬ್ಬರು ತೀರಿಕೊಂಡರು. ಒಂದೇ ವೈರಾಣು ಮಿದುಳನ್ನು ಹಲವು ದಾರಿಗಳಿಂದ ಬಾಧಿಸಬಲ್ಲದೆಂಬುದು ಈ ಅಧ್ಯಯನದಿಂದ ಸ್ಪಷ್ಟವಾಯಿತು.

ಎಷ್ಟು ಮಂದಿಗೆ ಬರುತ್ತದೆ?

ಓದುಗರು ಅನಾವಶ್ಯಕವಾಗಿ ಭಯಪಡಬಾರದು. ಹಲವು ದೇಶಗಳ 23 ಅಧ್ಯಯನಗಳನ್ನು, ಒಟ್ಟು 1,29,008 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಕೊರೋನಾ ರೋಗಿಗಳಲ್ಲಿ ಎನ್ಸೆಫಲೈಟಿಸ್ ಕಂಡುಬಂದದ್ದು ಶೇಕಡಾ 0.215ರಷ್ಟು ಮಂದಿಗೆ, ಅಂದರೆ ಸಾವಿರಕ್ಕೆ ಸುಮಾರು ಇಬ್ಬರಿಗೆ. ತೀವ್ರ ಸ್ವರೂಪದ ಕೊರೋನಾದಿಂದ ಬಳಲುತ್ತಿದ್ದವರಲ್ಲಿ ಮಾತ್ರ ಈ ಪ್ರಮಾಣ ಶೇಕಡಾ 6.7ಕ್ಕೆ ಏರಿತು. ಹೀಗೆ ಮಿದುಳಿನ ಉರಿಯೂತಕ್ಕೆ ತುತ್ತಾದವರಲ್ಲಿ ಮರಣದ ಪ್ರಮಾಣ ಶೇಕಡಾ 13.4. ಬರುವುದು ವಿರಳ, ಬಂದರೆ ಗಂಭೀರ ಎಂಬುದೇ ಈ ಅಂಕಿಗಳ ಸಾರ.

ಅದೇ ವಿಶ್ಲೇಷಣೆಯ ಇನ್ನೊಂದು ಅಂಶವನ್ನು ಮನೆಮಂದಿ ಮುಖ್ಯವಾಗಿ ನೆನಪಿಡಬೇಕು. ಕೊರೋನಾ ಪತ್ತೆಯಾದ ದಿನದಿಂದ ಮಿದುಳಿನ ಉರಿಯೂತ ತಲೆದೋರಲು ಹಿಡಿದ ಅವಧಿ ಸರಾಸರಿ 14.5 ದಿನ. ಅಷ್ಟರಲ್ಲಿ ಅನೇಕರಿಗೆ ಜ್ವರ ಇಳಿದು, ಕೆಮ್ಮು ಕಡಿಮೆಯಾಗಿ, ನೆಂಟರಿಷ್ಟರು ‘ಗುಣವಾಯಿತು’ ಎಂದು ನೆಮ್ಮದಿಯ ಉಸಿರು ಬಿಟ್ಟಿರುತ್ತಾರೆ. ಎರಡನೆಯ, ಮೂರನೆಯ ವಾರಗಳಲ್ಲಿಯೂ ಕಣ್ಣು ಎಚ್ಚರವಾಗಿರಬೇಕು.

ಮಿದುಳಿಗೆ ಹಾನಿಯಾಗುವ ದಾರಿಗಳು

ವೈರಾಣು ನೇರವಾಗಿ ಮಿದುಳಿನೊಳಗೆ ನುಗ್ಗಿ ಅಲ್ಲಿ ವೃದ್ಧಿಹೊಂದುವುದು ಸಾಧ್ಯವಿದ್ದರೂ ವಿರಳ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಜ್ಞರು ಕೊರೋನಾದಿಂದ ಮೃತರಾದ 41 ಮಂದಿಯ ಮಿದುಳುಗಳನ್ನು ಪರೀಕ್ಷಿಸಿದಾಗ ವೈರಾಣುವಿನ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪವಾಗಿತ್ತು. ಆದರೆ ಆಮ್ಲಜನಕದ ಕೊರತೆಯಿಂದಾದ ಹಾನಿಯೂ, ಮಿದುಳಿನ ಕಾವಲು ಕೋಶಗಳಾದ ‘ಮೈಕ್ರೋಗ್ಲಿಯ’ಗಳು ಕೆರಳಿ ಗುಂಪುಗೂಡಿದ್ದ ಗುರುತುಗಳೂ ಕಂಡುಬಂದವು. ಹೀಗಾಗಿ ವೈರಾಣುವಿಗಿಂತ ಹೆಚ್ಚಾಗಿ ಅದು ಎಬ್ಬಿಸಿದ ಕೋಲಾಹಲವೇ ಮಿದುಳನ್ನು ಹಾಳುಮಾಡುತ್ತದೆ ಎಂಬ ಅಭಿಪ್ರಾಯ ಬಲಗೊಂಡಿದೆ.

ಆ ಕೋಲಾಹಲಕ್ಕೆ ಮೂರು ಮುಖಗಳಿವೆ. ಮೊದಲನೆಯದು, ರೋಗನಿರೋಧಕ ವ್ಯವಸ್ಥೆಯು ಅತಿಯಾಗಿ ಕೆರಳಿ ‘ಸೈಟೋಕೈನ್’ ಎಂಬ ರಾಸಾಯನಿಕಗಳನ್ನು ಮಿತಿಮೀರಿ ಸುರಿಸುವುದು. ರಕ್ತದಲ್ಲಿರುವ ಹಾನಿಕಾರಕ ವಸ್ತುಗಳು ಮಿದುಳಿಗೆ ಹೋಗದಂತೆ ತಡೆಯುವ ಸೂಕ್ಷ್ಮ ಬೇಲಿಯೊಂದು ನಮ್ಮ ರಕ್ತನಾಳಗಳಲ್ಲಿದೆ. ಈ ರಾಸಾಯನಿಕಗಳ ದಾಳಿಗೆ ಆ ಬೇಲಿ ಸಡಿಲವಾಗುತ್ತದೆ. ಎರಡನೆಯದು, ವೈರಾಣುವಿನ ವಿರುದ್ಧ ಸಿದ್ಧವಾದ ಪ್ರತಿಕಾಯಗಳು ದಾರಿತಪ್ಪಿ ಸ್ವಂತ ಮಿದುಳಿನ ನರತಂತುಗಳ ಹೊದಿಕೆಯ ಮೇಲೆ ಎರಗುವುದು. ಕಾವಲಿಗೆ ನಿಲ್ಲಿಸಿದ ಬೇಲಿಯೇ ಎದ್ದು ಹೊಲ ಮೇಯ್ದಂತೆ ಇದು. ಸೋಂಕು ತಗ್ಗಿದ ಮೇಲೆ, ಒಂದರಿಂದ ಮೂರು ವಾರಗಳ ನಂತರ ಬರುವ ತೊಂದರೆಗಳಿಗೆ ಬಹುಮಟ್ಟಿಗೆ ಇದೇ ಕಾರಣ. ಮೂರನೆಯದು, ರಕ್ತನಾಳಗಳ ಒಳಪದರಕ್ಕೆ ಗಾಯವಾಗಿ ರಕ್ತ ಹೆಪ್ಪುಗಟ್ಟುವುದು ಮತ್ತು ಶ್ವಾಸಕೋಶದ ವೈಫಲ್ಯದಿಂದ ಮಿದುಳಿಗೆ ಆಮ್ಲಜನಕ ಸಾಲದಾಗುವುದು.

ಗುರುತಿಸುವುದು ಹೇಗೆ?

ಕೊರೋನಾ ಇರುವಾಗ ಅಥವಾ ಅದು ವಾಸಿಯಾದ ಮೂರು-ನಾಲ್ಕು ವಾರಗಳೊಳಗೆ ಈ ಕೆಳಗಿನ ಯಾವುದೇ ಲಕ್ಷಣ ಕಂಡರೂ ತಡಮಾಡಬಾರದು:

• ಎಚ್ಚರಿಸಿದರೂ ಏಳದ ಮಂಪರು, ಅಥವಾ ದಿನವಿಡೀ ತೂಕಡಿಕೆ
• ದಿನ, ಸ್ಥಳ, ಹತ್ತಿರದವರ ಗುರುತು ತಪ್ಪುವುದು, ಅಸಂಬದ್ಧ ಮಾತು
• ಫಿಟ್ಸ್, ಅಥವಾ ಮುಖ-ಕೈಗಳಲ್ಲಿ ಪದೇ ಪದೇ ಸೆಳೆತ
• ಸಹಿಸಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಬೆಳಕನ್ನು ನೋಡಲಾಗದಿರುವುದು
• ಒಂದು ಪಕ್ಕದ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು
• ಶಾಂತಸ್ವಭಾವದವರು ಏಕಾಏಕಿ ಉದ್ರಿಕ್ತರಾಗುವುದು, ಇಲ್ಲದ್ದನ್ನು ಕಾಣುವುದು ಮತ್ತು ಕೇಳುವುದು

ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕದಲ್ಲಿ ತುರ್ತು ಚಿಕಿತ್ಸೆಗೆ ಬಂದ 817 ಮಂದಿ ಹಿರಿಯ ಕೊರೋನಾ ರೋಗಿಗಳಲ್ಲಿ ಶೇಕಡಾ 28ರಷ್ಟು ಮಂದಿಗೆ ಬಂದಾಗಲೇ ಮಂಕು-ಭ್ರಮೆ ಇದ್ದಿತು; ಅವರಲ್ಲಿ ಕೆಲವರಿಗೆ ಜ್ವರವಾಗಲಿ ದಮ್ಮಾಗಲಿ ಇರಲೇ ಇಲ್ಲ. ಮನೆಯ ಅಜ್ಜ ನಿನ್ನೆಯವರೆಗೆ ನೆಟ್ಟಗಿದ್ದು ಇಂದು ಬೆಳಿಗ್ಗೆ ಬಚ್ಚಲಿನ ದಾರಿ ಮರೆತರೆ ‘ವಯಸ್ಸಾಯಿತು, ಅರಳುಮರಳು’ ಎಂದು ಸುಮ್ಮನಿರಬಾರದು. ಅರಳುಮರಳು ವರ್ಷಗಳಲ್ಲಿ ಬರುವಂಥದು. ಒಂದು ರಾತ್ರಿಯಲ್ಲಿ ಬರುವಂಥದಲ್ಲ.

ಹಾಗೆಯೇ ಕೊರೋನಾದ ನಂತರ ತಿಂಗಳುಗಟ್ಟಲೆ ಕಾಡುವ ಮರೆವು, ಏಕಾಗ್ರತೆಯ ಕೊರತೆ, ಬೇಗ ದಣಿಯುವುದು, ಇವೆಲ್ಲ ಮಿದುಳಿನ ಉರಿಯೂತವೇ ಎಂದು ಕಳವಳಗೊಳ್ಳಬೇಕಾಗಿಲ್ಲ. ಇವು ಹೆಚ್ಚಿನವರಲ್ಲಿ ನಿಧಾನವಾಗಿ ತಗ್ಗುತ್ತವೆ. ವೈದ್ಯರಿಗೆ ತೋರಿಸಬೇಕು, ಆದರೆ ಮಧ್ಯರಾತ್ರಿ ಓಡಬೇಕಾಗಿಲ್ಲ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಏರುವ ಬದಲಾವಣೆ ತುರ್ತಿನದು. ವಾರ-ತಿಂಗಳುಗಳ ಮಂದ ತೊಂದರೆ ಅಷ್ಟು ತುರ್ತಿನದಲ್ಲ.

ಮನೆಯಲ್ಲಿ ಮಾಡಬೇಕಾದುದು, ಮಾಡಬಾರದುದು

ಮೊದಲ ಕೆಲಸ 108ಕ್ಕೆ ಕರೆ. ಸಾಧ್ಯವಾದರೆ ಸಿ.ಟಿ. ಅಥವಾ ಎಂಆರ್‌ಐ ಸೌಲಭ್ಯವಿರುವ ಜಿಲ್ಲಾಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನೇರವಾಗಿ ಹೋಗುವುದು ಒಳ್ಳೆಯದು. ಜ್ವರ ಎಂದು ಆರಂಭವಾಯಿತು, ಕೊರೋನಾ ಪರೀಕ್ಷೆ ಎಂದು ಆಯಿತು, ಬುದ್ಧಿ ಕದಡಿದ್ದು ಯಾವಾಗ, ಯಾವ ಮಾತ್ರೆ ಮತ್ತು ಯಾವ ಕಷಾಯ ಸೇವಿಸುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ರೋಗಿಯೊಡನೆ ಕೊನೆಯ ಬಾರಿ ಸರಿಯಾಗಿ ಮಾತನಾಡಿದವರು ಜೊತೆಗಿದ್ದರೆ ಉತ್ತಮ. ರೇಷನ್ ಕಾರ್ಡು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡುಗಳನ್ನು ಮರೆಯದೆ ಕೊಂಡೊಯ್ಯಬೇಕು.

ಫಿಟ್ಸ್ ಬಂದರೆ ರೋಗಿಯನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಟ್ಟು, ಕುತ್ತಿಗೆಯ ಗುಂಡಿಗಳನ್ನು ಸಡಿಲಿಸಬೇಕು. ಬಾಯಿಯಲ್ಲಿ ಚಮಚ, ಬಟ್ಟೆ ತುರುಕಬಾರದು. ಕೈಯಲ್ಲಿ ಬೀಗದ ಕೈ, ಕಬ್ಬಿಣ ಹಿಡಿಸುವುದರಿಂದಾಗಲಿ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದಾಗಲಿ ಯಾವ ಪ್ರಯೋಜನವೂ ಇಲ್ಲ. ಫಿಟ್ಸ್ ತಾನಾಗಿ ನಿಂತಾಗ ಅದರಿಂದಲೇ ನಿಂತಿತೆಂಬ ಭ್ರಮೆ ಉಂಟಾಗುತ್ತದೆ. ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಅದು ಪ್ರಾಣಾಪಾಯದ ಸ್ಥಿತಿ.

ಪ್ರಜ್ಞೆ ಮಸುಕಾದವರಿಗೆ ನೀರು, ಹಾಲು, ಕಷಾಯ, ತೀರ್ಥ ಯಾವುದನ್ನೂ ಬಾಯಿಗೆ ಹಾಕಬಾರದು. ನುಂಗಲಾರದ ರೋಗಿಯಲ್ಲಿ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮೂಗಿಗೆ ಎಣ್ಣೆ ಬಿಡುವುದು, ಮೆಣಸಿನ ಹೊಗೆ ಹಾಕುವುದು, ತಲೆಗೆ ಬಿಸಿ ಎಣ್ಣೆ ತಟ್ಟುವುದು ಕೂಡದು. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆಗಳನ್ನು ತಾವೇ ಕೊಡಬಾರದು. 2021ರ ಎರಡನೆಯ ಅಲೆಯಲ್ಲಿ ಮಧುಮೇಹಿಗಳಿಗೆ ಅಳತೆಗೆಟ್ಟ ಸ್ಟೀರಾಯ್ಡ್ ಕೊಟ್ಟುದರ ಫಲವಾಗಿ ಕಪ್ಪು ಶಿಲೀಂಧ್ರ ರೋಗವು ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಿದ್ದನ್ನು ನಾವು ಮರೆಯಬಾರದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಜ್ವರದ ರೋಗಿಯು ಕೂಗಾಡಿದರೆ, ಯಾರನ್ನೋ ಕಂಡಂತೆ ಬೆಚ್ಚಿದರೆ ‘ಗಾಳಿ ಸೋಕಿದೆ’ ಎಂದು ಅಂತ್ರ-ತಾಯತಗಳಿಗೆ ಅಲೆಯುವವರು ಇಂದಿಗೂ ಇದ್ದಾರೆ. ಭಗವಂತನಲ್ಲಿ ಪ್ರಾರ್ಥಿಸುವುದಕ್ಕೆ ಆಂಬ್ಯುಲೆನ್ಸಿನಲ್ಲಿಯೂ ಅಡ್ಡಿಯಿಲ್ಲ. ಆದರೆ ಮಾಂತ್ರಿಕನ ಮನೆಯ ಮುಂದೆ ಕಳೆದ ಎರಡು ದಿನಗಳನ್ನು ಯಾವ ವೈದ್ಯನೂ ಮರಳಿ ತರಲಾರ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ರಕ್ತದ ಸಕ್ಕರೆ, ಸೋಡಿಯಂ, ಆಮ್ಲಜನಕಗಳ ಮಟ್ಟವನ್ನು ನೋಡುತ್ತಾರೆ. ಬೇಗ ಸರಿಪಡಿಸಬಹುದಾದ ಕಾರಣಗಳು ಇಲ್ಲಿಯೇ ಸಿಗಬಹುದು. ನಂತರ ಸಿ.ಟಿ. ಅಥವಾ ಎಂಆರ್‌ಐ, ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಇಇಜಿ ಪರೀಕ್ಷೆ, ಮತ್ತು ಬೆನ್ನಿನಿಂದ ದ್ರವ ತೆಗೆಯುವ ಪರೀಕ್ಷೆ.

ಕೊನೆಯದರ ಬಗ್ಗೆ ಜನರಲ್ಲಿ ಬಹಳ ಭಯವಿದೆ. ‘ಬೆನ್ನಿನ ನೀರು ತೆಗೆದರೆ ಲಕ್ವ ಹೊಡೆಯುತ್ತದೆ’ ಎಂದು ಸಹಿ ಹಾಕಲು ಹಿಂಜರಿಯುವ ಕುಟುಂಬಗಳಿವೆ. ವಸ್ತುಸ್ಥಿತಿ ಹೀಗಿದೆ: ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ, ಸೂಜಿಯನ್ನು ಅದಕ್ಕಿಂತ ಕೆಳಗೆ, ದ್ರವ ತುಂಬಿರುವ ಜಾಗದಲ್ಲಿ ಚುಚ್ಚುತ್ತಾರೆ. ಒಂದೆರಡು ದಿನ ತಲೆನೋವು ಬರಬಹುದು. ಆದರೆ ರೋಗವು ವೈರಾಣುವಿನದೋ, ಬ್ಯಾಕ್ಟೀರಿಯಾದ್ದೋ, ಕ್ಷಯದ್ದೋ, ದಾರಿತಪ್ಪಿದ ಪ್ರತಿಕಾಯಗಳದ್ದೋ ಎಂಬುದನ್ನು ತಿಳಿಸಲು ಇದಕ್ಕೆ ಸಮನಾದ ಪರೀಕ್ಷೆ ಬೇರೊಂದಿಲ್ಲ. ಯಾವಾಗ ತೆಗೆಯಬಾರದೆಂಬುದನ್ನೂ ವೈದ್ಯರು ಬಲ್ಲರು. ಮಿದುಳಿನ ಒತ್ತಡ ಅತಿಯಾಗಿದ್ದರೆ ಅವರೇ ಮುಂದೂಡುತ್ತಾರೆ.

ಫಲಿತಾಂಶ ಬರುವ ಮೊದಲೇ ‘ಅಸೈಕ್ಲೋವಿರ್’ ಎಂಬ ಔಷಧವನ್ನು ಆರಂಭಿಸುವುದುಂಟು. ಅದು ಹರ್ಪಿಸ್ ವೈರಾಣುವಿನ ಮಿದುಳಿನ ಉರಿಯೂತಕ್ಕೆ ಮದ್ದು. ಆ ರೋಗವು ತಡವಾದರೆ ಮಾರಕ, ಬೇಗ ಚಿಕಿತ್ಸೆಯಾದರೆ ಉಳಿಯುವಂಥದು. ಆದ್ದರಿಂದ ಅದಲ್ಲವೆಂದು ಖಚಿತವಾಗುವವರೆಗೆ ಕೊಡುತ್ತಾರೆ. ಕೊರೋನಾದಿಂದಾದ ಪ್ರತಿಕಾಯಗಳ ದಾಳಿಯೆಂದು ಕಂಡುಬಂದಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್, ಕೆಲವರಿಗೆ ಇಮ್ಯುನೊಗ್ಲಾಬುಲಿನ್ ಅಥವಾ ರಕ್ತದ ಪ್ಲಾಸ್ಮಾ ಬದಲಾವಣೆ ಮಾಡುತ್ತಾರೆ. ಫಿಟ್ಸ್ ತಡೆಯುವ ಔಷಧ, ಒತ್ತಡ ಇಳಿಸುವ ಔಷಧ, ಉಸಿರಾಟದ ನೆರವು ಜೊತೆಜೊತೆಗೆ ನಡೆಯುತ್ತವೆ. ಕ್ಲಿಷ್ಟ ಸಂದರ್ಭಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವು ನಮ್ಮ ರಾಜ್ಯದವರಿಗೆ ಲಭ್ಯವಿರುವುದು ಭಾಗ್ಯ.

ಆಯುರ್ವೇದದ ಪಾತ್ರ

ಈ ಲೇಖಕನು ಆಯುರ್ವೇದ ವೈದ್ಯನಾಗಿದ್ದೂ ಸ್ಪಷ್ಟವಾಗಿ ಹೇಳುವುದೇನೆಂದರೆ, ಮಿದುಳಿನ ಉರಿಯೂತದ ತೀವ್ರ ಹಂತದಲ್ಲಿ ರೋಗಿಯ ಸ್ಥಾನ ತೀವ್ರನಿಗಾ ಘಟಕ, ಆಯುರ್ವೇದ ಚಿಕಿತ್ಸಾಲಯವಲ್ಲ. ಇದನ್ನು ಗುಣಪಡಿಸುವುದೆಂದು ಸಿದ್ಧಪಟ್ಟ ಯಾವ ಗಿಡಮೂಲಿಕೆಯೂ ಇಲ್ಲ. ಸಾಧ್ಯಾಸಾಧ್ಯ ವಿವೇಕವಿಲ್ಲದೆ ಚಿಕಿತ್ಸೆಗೆ ಕೈಹಾಕುವ ವೈದ್ಯನನ್ನು ನಮ್ಮ ಶಾಸ್ತ್ರವೇ ಖಂಡಿಸುತ್ತದೆ.

ಅಪಾಯದ ಹಂತ ದಾಟಿ ಮನೆಗೆ ಬಂದ ಮೇಲೆ ಆಯುರ್ವೇದದ ಸೇವೆಗೆ ಅವಕಾಶವಿದೆ. ಜ್ವರಮುಕ್ತನಾದವನು ಬಲ ಮರಳುವವರೆಗೆ ವ್ಯಾಯಾಮ, ಅತಿಯಾದ ತಿರುಗಾಟ ಮೊದಲಾದವುಗಳನ್ನು ಬಿಡಬೇಕೆಂದು ಚರಕರು ವಿಧಿಸಿದ್ದಾರೆ. ಇಲ್ಲವಾದರೆ ಜ್ವರ ಮರುಕಳಿಸುತ್ತದೆಂದು ಎಚ್ಚರಿಸಿದ್ದಾರೆ. ಮಿದುಳು ಬಳಲಿದವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗಿನ ಅನ್ನ, ಮಿತವಾದ ತುಪ್ಪ, ಹೊತ್ತಿಗೆ ಸರಿಯಾದ ನಿದ್ರೆ, ಶಾಂತವಾದ ಕೋಣೆ ಇವು ಚೇತರಿಕೆಗೆ ಹಿತಕರ.

ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿಗಳನ್ನು ಚರಕ ಸಂಹಿತೆಯು ಮೇಧ್ಯ ರಸಾಯನಗಳೆಂದು ಹೇಳಿದೆ. ಇವನ್ನು ವೈದ್ಯರ ಸಲಹೆಯಂತೆ, ನರರೋಗ ತಜ್ಞರ ಗಮನಕ್ಕೆ ತಂದು, ಪೂರಕವಾಗಿ ಮಾತ್ರ ಬಳಸಬೇಕು. ಕಾರಣಗಳಿವೆ. ಯಷ್ಟಿಮಧು ಅಂದರೆ ಜ್ಯೇಷ್ಠಮಧುವನ್ನು ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಈ ಅಪಾಯ ಇಮ್ಮಡಿ. ಸ್ವಂತ ಪ್ರತಿಕಾಯಗಳೇ ಮಿದುಳಿನ ಮೇಲೆ ಎರಗಿದ ರೋಗಿಗೆ ‘ರೋಗನಿರೋಧಕ ಶಕ್ತಿ ಹೆಚ್ಚಲಿ’ ಎಂದು ಅಮೃತಬಳ್ಳಿ, ಅಶ್ವಗಂಧಗಳನ್ನು ಮನಬಂದಂತೆ ಕೊಡುವುದು ವಿವೇಕವಲ್ಲ; ಅಲ್ಲಿ ಬೇಕಾಗಿರುವುದು ಶಕ್ತಿಯ ಹೆಚ್ಚಳಕ್ಕಿಂತ ಸಮತೋಲ. ಎಲ್ಲಕ್ಕಿಂತ ಮುಖ್ಯವಾಗಿ, ಗಿಡಮೂಲಿಕೆ ಆರಂಭಿಸಿದೆವೆಂದು ಫಿಟ್ಸಿನ ಮಾತ್ರೆಯನ್ನಾಗಲಿ ಸ್ಟೀರಾಯ್ಡ್ ಮಾತ್ರೆಯನ್ನಾಗಲಿ ಏಕಾಏಕಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ ಬರಬಹುದು.

ಚೇತರಿಕೆಯ ದೀರ್ಘ ಹಾದಿ

ಮಿದುಳಿನ ಗಾಯ ಮೂಳೆಯ ಗಾಯದಂತಲ್ಲ. ಇಂತಿಷ್ಟು ವಾರದಲ್ಲಿ ಕೂಡಿಕೊಂಡಿತೆಂದು ಹೇಳಲಾಗದು. ಕೆಲವರು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ಕೆಲವರಿಗೆ ವರ್ಷ ಹಿಡಿಯುತ್ತದೆ. ಕೆಲವರಲ್ಲಿ ಮರೆವು, ಸಿಡುಕು, ಕೈಕಾಲುಗಳ ದೌರ್ಬಲ್ಯ ಸ್ವಲ್ಪಮಟ್ಟಿಗೆ ಉಳಿಯುತ್ತವೆ. ಫಿಸಿಯೋಥೆರಪಿ, ಮಾತಿನ ತರಬೇತಿ, ನೆನಪಿನ ಅಭ್ಯಾಸಗಳನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಲಾಭ. ಫಿಟ್ಸ್ ಬಂದಿದ್ದವರು ವೈದ್ಯರು ಒಪ್ಪುವವರೆಗೆ ವಾಹನ ಓಡಿಸಬಾರದು. ಬಾವಿ, ಕೆರೆ, ಒಲೆಯ ಬಳಿ ಒಂಟಿಯಾಗಿರಬಾರದು.

ಮನೆಯವರು ಅರಿಯಬೇಕಾದ ಸೂಕ್ಷ್ಮವೊಂದಿದೆ. ಹೊರಗಿನಿಂದ ನೋಡಿದರೆ ರೋಗಿ ಗುಣವಾದಂತೆಯೇ ಕಾಣುತ್ತಾನೆ. ಗಾಯದ ಗುರುತಿಲ್ಲ, ಪಟ್ಟಿಯಿಲ್ಲ. ಆದರೆ ಅಂಗಡಿಯ ಲೆಕ್ಕ ತಪ್ಪುತ್ತದೆ, ಹೇಳಿದ ಮಾತು ಮರೆಯುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ‘ಸೋಮಾರಿಯಾದ’, ‘ಬದಲಾಗಿಬಿಟ್ಟಳು’ ಎಂಬ ಚುಚ್ಚುಮಾತುಗಳು ಆಗ ಕೇಳಿಬರುತ್ತವೆ. ಅದು ಸ್ವಭಾವದ ದೋಷವಲ್ಲ, ಮಿದುಳಿನ ಗಾಯದ ಉಳಿಕೆ. ಅವರಿಗೆ ಒಂದು ಬಾರಿಗೆ ಒಂದೇ ಕೆಲಸ ಹೇಳಬೇಕು, ಮರೆತರೆ ಮತ್ತೊಮ್ಮೆ ಸಮಾಧಾನದಿಂದ ಹೇಳಬೇಕು. ನೊಂದವರ ಜೊತೆ ನಿಲ್ಲುವುದೂ ಔಷಧವೇ.

ತಡೆಯುವ ಬಗೆ

ಕೊರೋನಾ ತೀವ್ರವಾಗದಂತೆ ನೋಡಿಕೊಂಡರೆ ಮಿದುಳಿನ ಅಪಾಯವೂ ತಾನಾಗಿ ತಗ್ಗುತ್ತದೆ. ಲಸಿಕೆಯು ರೋಗದ ತೀವ್ರತೆಯನ್ನು ಕಡಿಮೆ ಮಾಡುತ್ತದೆ. ಲಸಿಕೆಯ ನಂತರ ನರಸಂಬಂಧಿ ತೊಂದರೆ ಬಂದ ವಿರಳ ಪ್ರಸಂಗಗಳು ವರದಿಯಾಗಿವೆಯಾದರೂ, ಸೋಂಕಿನಿಂದ ಬರುವ ಅಪಾಯವೇ ಹೆಚ್ಚಿನದು. ಮಧುಮೇಹ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡಬೇಕು. ನೆಗಡಿ-ಜ್ವರವಿದ್ದವರು ಜಾತ್ರೆ, ಸಭೆ, ಪಂಕ್ತಿಭೋಜನಗಳಿಂದ ಕೆಲವು ದಿನ ದೂರವಿರುವುದು ವೃದ್ಧರಿಗೆ ಮಾಡುವ ಉಪಕಾರ. ಮಕ್ಕಳಿಗೆ ಸರ್ಕಾರದ ಲಸಿಕಾ ಪಟ್ಟಿಯಲ್ಲಿರುವ, ನಮ್ಮ ಜಿಲ್ಲೆಗಳಲ್ಲಿ ದೊರೆಯುವ ಮೆದುಳು ಜ್ವರದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ನೆನಪಿನಲ್ಲಿಡಬೇಕಾದುದು

1. ಜ್ವರದಲ್ಲಾಗಲಿ, ಜ್ವರ ಬಿಟ್ಟ ಎರಡು-ಮೂರು ವಾರಗಳಲ್ಲಾಗಲಿ ಬುದ್ಧಿ ಕದಡಿದರೆ ಅದು ತುರ್ತು.
2. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.
3. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಸಮಯ ನೋಡಿ, 108ಕ್ಕೆ ಕರೆ ಮಾಡಬೇಕು.
4. ಬೆನ್ನಿನ ದ್ರವದ ಪರೀಕ್ಷೆಗೆ ಹೆದರಬಾರದು.
5. ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಆರಂಭಿಸಬಾರದು, ನಿಲ್ಲಿಸಲೂಬಾರದು.

ಸಾವಿರಕ್ಕೆ ಇಬ್ಬರಿಗೆ ಬರುವ ತೊಂದರೆಯೆಂದು ಉಳಿದವರು ಉದಾಸೀನರಾಗಬಹುದು. ಆ ಇಬ್ಬರು ನಮ್ಮ ಊರಿನವರೂ ಆಗಿರಬಹುದು, ನಮ್ಮ ಮನೆಯವರೂ ಆಗಿರಬಹುದು. ಈ ಲೇಖನವನ್ನು ಓದಿದವರು ಮನೆಯಲ್ಲಿ ಓದಲು ಬಾರದ ಹಿರಿಯರಿಗೂ, ರೋಗಿಗಳ ಆರೈಕೆ ಮಾಡುವ ಹೆಣ್ಣುಮಕ್ಕಳಿಗೂ ಇದರ ಸಾರವನ್ನು ತಿಳಿಸಿದರೆ ಬರೆದುದು ಸಾರ್ಥಕ. ಸರ್ವರಿಗೂ ಆರೋಗ್ಯ ಭಾಗ್ಯ ಲಭಿಸಲಿ.